ಹಡಗಿನಲ್ಲಿ ಅಳದ ಮಗು

ನೀವು ನಮ್ಮ ಮನೆಯ ಅಡುಗೆಕೋಣೆಗೆ ಬಂದರೆ ಗ್ರೈಂಡರಿನ ಪಕ್ಕದಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಕಾರ್ಡು ಕಾಣುತ್ತದೆ. ಕಲ್ಲಿಗೆ ಅಂಟಿದ ದೋಸೆಹಿಟ್ಟು ಬಳಿಯಲು ಅದಕ್ಕಿಂತ ಒಳ್ಳೆಯ ಸಾಧನ ಇಡೀ ಚಳ್ಳಕೆರೆಯಲ್ಲಿ ಸಿಗುವುದಿಲ್ಲ. ಅಸಲಿಗೆ ಅದು ಒಂದು ಹಡಗಿನ ಕೋಣೆಯ ಬೀಗದ ಕೈ. ಇಳಿಯುವಾಗ ವಾಪಸು ಕೊಡಬೇಕೋ ಏನೋ ಎಂದು ನಾನು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಮುಂಬೈ ದಾಟುವ ತನಕ ಹೆದರಿಕೊಂಡೇ ಬಂದೆ. ಯಾರೂ ಕೇಳಲಿಲ್ಲ. ಹಿಟ್ಟು ಬಳಿಯುವ ಕೆಲಸಕ್ಕೆ ಸೇರಿತು.

ಮೊನ್ನೆ ಅದನ್ನು ತೊಳೆಯುತ್ತಿದ್ದಾಗ ನನ್ನ ಮಗ ಬಂದು ನಿಂತ. ಈಗ ಅವನು ಬ್ಯಾಗು ಹೊತ್ತು ಎಲ್‌ಕೆಜಿಗೆ ಹೋಗುವ ದೊಡ್ಡ ಮನುಷ್ಯ. "ಇದೇನವ್ವ?" ಎಂದ. ನೀನು ಅಂಬೆಗಾಲಿಡುವಾಗ ನಿನ್ನನ್ನು ಹಡಗಿನಲ್ಲಿ ಕರೆದುಕೊಂಡು ಹೋಗಿದ್ದೆವು ಎಂದೆ.

"ನಾನು ಭಾಳ ಅಳ್ತಿದ್ನಾ?"

ಎಲ್ಲ ಮಕ್ಕಳೂ ಕೇಳುವ ಪ್ರಶ್ನೆ. ಆದರೂ ನಾನು ನಲ್ಲಿ ನಿಲ್ಲಿಸಿ ಅವನ ಕಡೆ ತಿರುಗಿದೆ. "ಇಲ್ಲಪ್ಪ, ಒಂದು ಸಲನೂ ಅಳಲಿಲ್ಲ" ಎಂದೆ. ಅವನಿಗೆ ಖುಷಿಯಾಯಿತು, ಹೊರಗೆ ಓಡಿದ. ನಾನು ಮಾತ್ರ ಒಲೆಯ ಮೇಲೆ ಹಾಲು ಉಕ್ಕುವ ತನಕ ಅಲ್ಲೇ ನಿಂತಿದ್ದೆ.

ಚಳ್ಳಕೆರೆಯವರಿಗೆ ಹಡಗಿನ ಪ್ರವಾಸ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮ ಯಜಮಾನರು ತಿಪ್ಪೇಶ್ ಅವರದು ಪಂಪುಸೆಟ್ಟಿನ ಅಂಗಡಿ. ಆ ವರ್ಷ ಮೋಟಾರು ಚೆನ್ನಾಗಿ ಮಾರಿದ ಅಂಗಡಿಯವರನ್ನೆಲ್ಲ ಕಂಪನಿಯವರು ಹಡಗು ಹತ್ತಿಸಿದರು. ನೆಲದಲ್ಲಿ ನೀರು ಹುಡುಕಿ ಹುಡುಕಿ ಸಾಕಾದವರಿಗೆ ಸುತ್ತಲೂ ಬರೀ ನೀರನ್ನೇ ತೋರಿಸಿ ಸನ್ಮಾನ. ಮುಂಬೈಯಿಂದ ಹೊರಟು ಲಕ್ಷದ್ವೀಪದ ಕಡೆ ಹೋಗಿ ಮತ್ತೆ ಮುಂಬೈಗೆ. ಹೆಂಡತಿ ಮಕ್ಕಳನ್ನು ಕರೆತರಬಹುದು ಎಂದಿದ್ದರು. ನಮಗೆ ಮಗುವಾಗಿದ್ದು ಮದುವೆಯಾಗಿ ಬಹಳ ವರ್ಷದ ಮೇಲೆ. ದೇವರು, ಡಾಕ್ಟರು ಎರಡೂ ಕಡೆ ಚಪ್ಪಲಿ ಸವೆಸಿದ ಮೇಲೆ ಹುಟ್ಟಿದವನು. ಹಾಗಾಗಿ ನಾನು ಅವನನ್ನು ಬಿಟ್ಟು ಬಾಗಿಲ ಹೊರಗೂ ಹೋಗುತ್ತಿರಲಿಲ್ಲ. ಬಿಟ್ಟು ಹೋಗುವುದಿರಲಿ, ಅವನನ್ನು ನೋಡಿಕೊಳ್ಳುವ ಧೈರ್ಯವೂ ಒಬ್ಬಳಿಗೇ ಇರಲಿಲ್ಲ. ಅದಕ್ಕೆ ಮೊಳಕಾಲ್ಮೂರಿನಿಂದ ನಮ್ಮ ಅವ್ವನನ್ನೂ ಹೊರಡಿಸಿದೆವು.

ಇನ್ನು ಅವನ ಅಳುವಿನ ಬಗ್ಗೆ ಹೇಳಬೇಕು. ಅವನು ಅತ್ತರೆ ಎದುರು ಸಾಲಿನ ಎಣ್ಣೆಮಿಲ್ಲಿನವರು ಕಿಟಕಿಯಲ್ಲಿ ಇಣುಕುತ್ತಿದ್ದರು. ಹಾಲು ಕೊಟ್ಟರೂ ಅಳು, ಕೊಡದಿದ್ದರೂ ಅಳು. ಅವನು ಸುಮ್ಮನಾಗುತ್ತಿದ್ದುದು ತವರುಮನೆಯಲ್ಲಿ ಮಾತ್ರ. ಅಲ್ಲಿ ಪಡಸಾಲೆಯಲ್ಲೇ ರೇಷ್ಮೆ ಸೀರೆಯ ಮಗ್ಗ. ಲಾಳಿ ಓಡುವ ಸದ್ದಿಗೆ ಅವನ ಕಣ್ಣು ಎಳೆಯುತ್ತಿತ್ತು. ನಾನು ಬೆಳೆದಿದ್ದೂ ಅದೇ ಸದ್ದಿನಲ್ಲಿ. ನಮಗೆ ನಿದ್ದೆ ಕೆಡುತ್ತಿದ್ದುದು ಸದ್ದಾದರೆ ಅಲ್ಲ, ಮಗ್ಗ ನಿಂತರೆ. ಮಧ್ಯಾಹ್ನ ಊಟಕ್ಕೆಂದು ಅಪ್ಪ ಮಗ್ಗದ ಗುಂಡಿಯಿಂದ ಎದ್ದರೆ ಸಾಕು, ಮಲಗಿದ್ದ ಮಕ್ಕಳೆಲ್ಲ ಒಟ್ಟಿಗೆ ಕಣ್ಣು ಬಿಡುತ್ತಿದ್ದೆವು.

ಹಡಗು ಎಂದರೆ ದೊಡ್ಡ ದೋಣಿ ಎಂದುಕೊಂಡಿದ್ದೆ. ಅದು ಒಂದು ಊರು. ಲಿಫ್ಟು, ಅಂಗಡಿ, ಈಜುಕೊಳ ಎಲ್ಲ ಇತ್ತು. ಕಂಪನಿಯವರು ನಮಗೆ ಕೊಟ್ಟಿದ್ದು ಹಡಗಿನ ಹೊಟ್ಟೆಯೊಳಗಿನ ಕೋಣೆ. ಗೋಡೆಗೆ ಅಂದವಾದ ಪರದೆ ಇಳಿಬಿಟ್ಟಿದ್ದರು. ಅವ್ವ ಹೋದವಳೇ ಸಮುದ್ರ ನೋಡಲು ಪರದೆ ಸರಿಸಿದಳು. ಹಿಂದೆ ಬರೀ ಗೋಡೆ. ಆಚೆ ತುದಿಗೂ ಸರಿಸಿ ನೋಡಿದಳು. ಅಲ್ಲೂ ಗೋಡೆ. "ಇದೇನೇ ರತ್ನಿ, ಕಿಟಕಿ ಇಲ್ದ ಗ್ವಾಡೆಗೆ ಸೆರಗು ಹೊದಿಸ್ಯಾರೆ" ಎಂದಳು. ನಾನು ನಕ್ಕೆ. ಅವ್ವ ನಗಲಿಲ್ಲ. ದೀಪ ಆರಿಸಿದರೆ ಆ ಕೋಣೆಯಲ್ಲಿ ಹಗಲೂ ಇಲ್ಲ, ಹೊತ್ತೂ ಇಲ್ಲ.

ಹೊರಡುವ ಮೊದಲು ಎಲ್ಲರನ್ನೂ ಮೇಲೆ ಕರೆದು, ಹಡಗಿಗೆ ಏನಾದರೂ ಆದರೆ ಹೇಗೆ ಬದುಕಬೇಕು ಎಂದು ಕಲಿಸಿದರು. ಮಗುವಿಗೂ ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಪುಟ್ಟ ಜಾಕೆಟ್ಟು ತೊಡಿಸಿದರು. ಅದರೊಳಗಿಂದ ಅವನ ಮುಖ ಮಾತ್ರ ಕಾಣುತ್ತಿತ್ತು. ಆಗ ಸೈರನ್ನು ಊದಿತು. ಎಂಜಿನ್ ಶುರುವಾಗಿ ಕಾಲಡಿಯ ನೆಲ ಸಣ್ಣಗೆ ನಡುಗತೊಡಗಿತು. ಅಲ್ಲಿಯವರೆಗೆ ಊರಿಗೆ ಕೇಳುವಂತೆ ಅರಚುತ್ತಿದ್ದ ಮಗು ಯಾರೋ ಬಾಯಿಯ ಮೇಲೆ ಕೈ ಇಟ್ಟಂತೆ ತಟ್ಟನೆ ನಿಲ್ಲಿಸಿತು.

ನಮ್ಮ ಪಕ್ಕದಲ್ಲಿ ಗಾಲಿಕುರ್ಚಿ ಹಿಡಿದುಕೊಂಡು ಒಬ್ಬ ಅಜ್ಜಿ ನಿಂತಿದ್ದರು. ಬಿಳಿ ಕೂದಲು, ಹೆಗಲ ಮೇಲೆ ಕಂದು ಶಾಲು. ಕುರ್ಚಿಯಲ್ಲಿ ಕೂರದೆ ಅದನ್ನೇ ಊರುಗೋಲಿನಂತೆ ಹಿಡಿದಿದ್ದರು. ಅವರು ಬಗ್ಗಿ ಮಗುವಿನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕೇಳಿದರು, "ದೊರಿಕಿನಾಡಾ ತಲ್ಲೀ?"

ಸಿಕ್ಕನೇನಮ್ಮ ಎಂದು. ಮೊಳಕಾಲ್ಮೂರಿನವರಿಗೆ ತೆಲುಗು ಯಾರೂ ಕಲಿಸಬೇಕಿಲ್ಲ, ಗಡಿಯ ಆಚೆಯಿಂದ ಗಾಳಿಯೊಂದಿಗೆ ಬರುತ್ತದೆ. ಬಹಳ ಕಾಲ ಕಾದು ಪಡೆದ ಮಗು ಎಂದು ನನ್ನ ಮುಖ ನೋಡಿಯೇ ತಿಳಿದರೇನೋ ಎಂದುಕೊಂಡು ನನಗೆ ಕಣ್ಣು ತುಂಬಿ ಬಂತು. "ದೊರಿಕಿನಾಡಮ್ಮಾ" ಎಂದೆ. ಅಜ್ಜಿ ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರು ಬಿಟ್ಟರು. ಅಷ್ಟರಲ್ಲಿ ಅವರ ಕಡೆಯ ಹೆಂಗಸೊಬ್ಬಳು ಬಂದು ಕರೆದುಕೊಂಡು ಹೋದಳು.

ಮಾರನೆಯ ದಿನವೂ ಮಗು ಅಳಲಿಲ್ಲ. ಹಸಿವಾದರೂ ಇಲ್ಲ, ಒದ್ದೆಯಾದರೂ ಇಲ್ಲ. ಕೊಟ್ಟರೆ ಕುಡಿಯುತ್ತಿತ್ತು, ಕೊಡದಿದ್ದರೆ ಕೇಳುತ್ತಿರಲಿಲ್ಲ. ತಿಂಡಿ ತಿನ್ನುವ ಜಾಗದಲ್ಲಿ ಎಲ್ಲರೂ ಮೆಚ್ಚಿದ್ದೇ ಮೆಚ್ಚಿದ್ದು. ಹಿರಿಯೂರಿನ ಅಂಗಡಿಯವರೊಬ್ಬರು ಅವನ ಕೆನ್ನೆ ಹಿಂಡಿ, "ಲೇ ತಿಪ್ಪೇಶಿ, ಇದು ಕೂಸೋ ಗೊಂಬೆನೋ? ರೆಪ್ಪೆ ಸೈತ ಬಡೀತಿಲ್ಲ ನೋಡಲೇ" ಎಂದು ನಕ್ಕರು. ಇವರೂ ನಕ್ಕರು. ನಾನು ಇಡ್ಲಿಯ ತಟ್ಟೆ ಅಲ್ಲೇ ಬಿಟ್ಟು ಮಗುವನ್ನು ಎತ್ತಿಕೊಂಡೆ. ಹಡಗಿನ ಡಾಕ್ಟರಿಗೆ ತೋರಿಸಿದೆವು. ಅವರು ಎದೆ, ಕಿವಿ, ಗಂಟಲು ನೋಡಿ ಮಗು ಆರೋಗ್ಯವಾಗಿದೆ, ನೀವು ನಿದ್ದೆ ಮಾಡಿ ಎಂದರು.

"ಮಗ್ಗದ ಸದ್ದು ಇದ್ದಂಗೈತಲ್ಲ ಎಂಜಿನ್ನಿಂದು, ಅದಕೇ ಸುಮ್ಮನೈತೆ" ಎಂದಳು ಅವ್ವ. ನನಗೂ ಅದೇ ಸರಿ ಎನಿಸಿತು. ಆದರೆ ಮನಸ್ಸು ಸರಿ ಎಂದದ್ದನ್ನೆಲ್ಲ ಹೊಟ್ಟೆ ಒಪ್ಪುವುದಿಲ್ಲ.

ನಾನು ಚಿಕ್ಕವಳಿದ್ದಾಗ ಅಪ್ಪನ ಜೊತೆ ಒಮ್ಮೆ ದನ ಮೇಯಿಸುವ ಉಳ್ಳಾರ್ತಿ ಕಾವಲಿನ ಬಯಲಿಗೆ ಹೋಗಿದ್ದೆ. ಅಲ್ಲಿ ಅಪ್ಪನ ಪರಿಚಯದ ದನಗಾಹಿ ಒಬ್ಬರಿದ್ದರು. ಮಟಮಟ ಮಧ್ಯಾಹ್ನ, ಕಣ್ಣು ಹರಿಯುವಷ್ಟು ದೂರ ಒಣಹುಲ್ಲು, ಒಂದು ಹಕ್ಕಿಯ ದನಿಯೂ ಇಲ್ಲ. ಹುಲ್ಲಿನೊಳಗೆ ನಡೆಯುವಾಗ ನನ್ನ ಕಾಲಿನ ಹತ್ತಿರವೇ ಒಂದು ಎಳೆಗರು ಮಲಗಿತ್ತು. ಸತ್ತಿದೆ ಎಂದು ಕಿರುಚಿಕೊಂಡೆ. ಅದರ ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡುತ್ತಿತ್ತು, ಕಿವಿ ಕೂಡ ಅಲುಗಲಿಲ್ಲ. ದನಗಾಹಿ ನನ್ನ ಬಾಯಿ ಮುಚ್ಚಿಸಿದರು. "ಸತ್ತಿಲ್ಲವ್ವ. ತಾಯಿ ಮೇಯಾಕೆ ಹೋಗೈತೆ. ಸುಮ್ಕಿರು ಅಂತ ಹೇಳಿ ಹೋಗೈತೆ. ಅದು ಬಂದು ಕರೆಯಾಗಂಟ ಇದು ಉಸಿರು ಬಿಡಲ್ಲ" ಎಂದರು. ಎಷ್ಟೋ ವರ್ಷದ ಮೇಲೆ, ಹಡಗಿನ ಆ ಕೋಣೆಯಲ್ಲಿ, ಕಣ್ಣು ತೆರೆದು ಮಲಗಿದ್ದ ಮಗನನ್ನು ನೋಡುವಾಗ ಅದೇ ಕರು ಕಣ್ಣಿಗೆ ಬಂತು. ಇವನಿಗೆ ಸುಮ್ಮನಿರು ಎಂದು ಹೇಳಿದವರು ಯಾರು? ತಾಯಿ ನಾನು ಇಲ್ಲೇ ಇದ್ದೇನಲ್ಲ.

ಅವನು ನೋಡುತ್ತಿದ್ದುದು ಬಾಗಿಲನ್ನು. ಬಾಗಿಲ ಕೆಳಗಿನ ಸಂದಿಯಲ್ಲಿ ಹೊರಗಿನ ಓಣಿಯ ಬೆಳಕು ಗೆರೆಯಂತೆ ಬೀಳುತ್ತಿತ್ತು. ಆ ಗೆರೆಯ ನಡುವೆ ಎರಡು ಕಡೆ ಕತ್ತಲಾಗಿತ್ತು. ಯಾರೋ ಹೊರಗೆ ನಿಂತಿದ್ದಾರೆ, ಎರಡು ಪಾದ. ತಟ್ಟುತ್ತಿಲ್ಲ, ಹೋಗುತ್ತಲೂ ಇಲ್ಲ. ನಾನು ಎದ್ದು ಬಾಗಿಲು ತೆಗೆಯುವಷ್ಟರಲ್ಲಿ ಯಾರೂ ಇರಲಿಲ್ಲ. ಉದ್ದದ ಓಣಿ, ಎರಡೂ ಕಡೆ ಒಂದೇ ತರಹದ ಬಾಗಿಲುಗಳು, ಹೆಜ್ಜೆಯ ಸದ್ದನ್ನು ನುಂಗುವ ದಪ್ಪ ಜಮಖಾನೆ. ನೋವಿನ ಮುಲಾಮಿನ ವಾಸನೆ ಮಾತ್ರ ಗಾಳಿಯಲ್ಲಿತ್ತು. ಹೊಸ್ತಿಲ ಹತ್ತಿರ ಒಂದು ಬಿಳಿ ಪಿಂಗಾಣಿ ಬಟ್ಟಲು, ಅದರ ತುಂಬ ಹಾಲು. ಮುಟ್ಟಿದರೆ ಬೆಚ್ಚಗಿತ್ತು.

ಕೋಣೆ ಸ್ವಚ್ಛ ಮಾಡುವ ಹುಡುಗಿ ಇಟ್ಟಿರಬೇಕು ಎಂದುಕೊಂಡೆವು. ಸಂಜೆ ಮತ್ತೊಂದು ಬಟ್ಟಲು ಬಂತು. ಕೇಳಿದರೆ ಆ ಹುಡುಗಿ ತಲೆ ಅಲ್ಲಾಡಿಸಿದಳು, ತಾನಲ್ಲ ಎಂದಳು. ಅವ್ವ ಹಾಲನ್ನು ಬಚ್ಚಲಿಗೆ ಸುರಿದು ಬಟ್ಟಲನ್ನು ಬೋರಲು ಹಾಕಿದಳು. ದೃಷ್ಟಿ ತೆಗೆಯಬೇಕೆಂದು ಹಟ ಹಿಡಿದಳು. ಹಡಗಿನಲ್ಲಿ ಕೆಂಡ ಎಲ್ಲಿ ತರುವುದು? ಊಟದ ಮೇಜಿನಿಂದ ಉಪ್ಪಿನ ಚೀಟಿಗಳನ್ನು ಸೊಂಟಕ್ಕೆ ಸಿಕ್ಕಿಸಿ ತಂದು, ಒಂದೊಂದನ್ನೇ ಹರಿದು ಮಗುವಿಗೆ ನಿವಾಳಿಸಿ ಬೇಸಿನ್ನಿನಲ್ಲಿ ಕರಗಿಸಿದಳು. "ಸುತ್ತ ಇರೋದೆಲ್ಲ ಉಪ್ಪುನೀರೇ ಅಲ್ವೇನತ್ತೆ, ಇದೇನು ಹೆಚ್ಚು?" ಎಂದು ಇವರು ರೇಗಿಸಿದರು. "ಅದು ಬ್ಯಾರೆ, ಇದು ಬ್ಯಾರೆ, ಸುಮ್ಕಿರಿ ಅಳಿಯಂದ್ರೇ" ಎಂದಳು. ನಾನು ಬಿ.ಎಸ್ಸಿ. ಓದಿದವಳು. ಅವ್ವನಿಗೆ ಇನ್ನೆರಡು ಚೀಟಿ ನಾನೇ ತಂದುಕೊಟ್ಟೆ.

ಮೂರನೆಯ ದಿನ ಮಧ್ಯಾಹ್ನ ಇವರು ಕಂಪನಿಯ ಮೀಟಿಂಗಿಗೆ ಹೋಗಿದ್ದರು. ಅವ್ವ ಸ್ನಾನಕ್ಕಿಳಿದಿದ್ದಳು. ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟುತ್ತದೆಂದು ಅವಳು ಓಣಿಯ ಕಡೆಯ ಬಾಗಿಲಿಗೆ ತನ್ನ ಚಪ್ಪಲಿ ಸಿಕ್ಕಿಸಿ ಸಂದಿ ಬಿಡುವುದು ರೂಢಿ. ನಾನು ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಕಾವಲಿದ್ದೆ. ಎಂಜಿನ್ನಿನ ಸದ್ದು ಮಗನಿಗಷ್ಟೇ ಅಲ್ಲ, ಮಗ್ಗದ ಮನೆಯ ಮಗಳಿಗೂ ನಿದ್ದೆ ತರಿಸುತ್ತದೆ ಎನ್ನುವುದನ್ನು ನಾನು ಮರೆತಿದ್ದೆ. ಕಣ್ಣು ಬಿಟ್ಟಾಗ ಮಗ್ಗುಲು ತಣ್ಣಗಿತ್ತು. ಬಾಗಿಲು ಪೂರ್ತಿ ತೆರೆದಿತ್ತು.

ಮಂಚದ ಕೆಳಗೆ ನೋಡಿದೆ. ಆ ಪರದೆಯ ಹಿಂದೆಯೂ ನೋಡಿದೆ. ಅವ್ವ ಒದ್ದೆ ತಲೆಯಲ್ಲೇ ಹೊರಗೆ ಬಂದಳು. ಇಬ್ಬರೂ ಓಣಿಗೆ ಓಡಿದೆವು. ಎಡಕ್ಕೆ ನೋಡಿದರೂ ಅದೇ ಬಾಗಿಲುಗಳು, ಬಲಕ್ಕೂ ಅದೇ. ಎಲ್ಲರೂ ಮೇಲಿನ ಆಟಪಾಟಗಳಿಗೆ ಹೋಗಿದ್ದರು, ಒಂದು ನರಪಿಳ್ಳೆ ಇಲ್ಲ. ನೆಲ ನಿಧಾನ ಎಡಕ್ಕೆ ವಾಲುತ್ತಿತ್ತು, ನಿಧಾನ ಬಲಕ್ಕೆ. ನಾನು ಮಗುವಿನ ಹೆಸರು ಕೂಗಲು ಬಾಯಿ ತೆರೆದೆ. ಕೂಗಿ ಏನು ಮಾಡುವುದು, ಅವನು ಉತ್ತರ ಕೊಡುವ ಮಗುವಲ್ಲ. ಬೇರೆ ಮಗುವಾಗಿದ್ದರೆ ಅಳು ಕೇಳಿಯಾದರೂ ಹುಡುಕಬಹುದಿತ್ತು.

ಓಣಿಯ ಕೊನೆಯಲ್ಲಿ ಅವ್ವ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. "ಮುಲಾಮಿನ ವಾಸ್ನೆ" ಎಂದಳು.

ಅಲ್ಲೊಂದು ಭಾರದ ಬಾಗಿಲಿತ್ತು. ತಳ್ಳಿದರೆ ಹೊರಗೆ ಕಣ್ಣು ಕುಕ್ಕುವ ಬೆಳಕು. ಹಡಗಿನ ಹಿಂಬದಿಯ ಕಿರಿದಾದ ಅಂಗಳ ಅದು. ಮೋಡ ಕವಿದು ನೀರಿಗೂ ಆಕಾಶಕ್ಕೂ ನಡುವೆ ಗೆರೆಯೇ ಇರಲಿಲ್ಲ, ಎಲ್ಲ ಒಂದೇ ಬೂದಿ ಬಿಳುಪು. ಕಂಬಿಯ ಹತ್ತಿರ ಆ ಅಜ್ಜಿ ನಿಂತಿದ್ದರು. ಅವರ ತೋಳಿನಲ್ಲಿ ನನ್ನ ಮಗ. ಅವನನ್ನು ಕಂಬಿಯ ಎತ್ತರಕ್ಕೆ ಎತ್ತಿ ನೀರು ತೋರಿಸುತ್ತಿದ್ದರು. "ಸೂರೀ" ಎಂದು ಕರೆದರು. ತನ್ನ ಹೆಸರಿಗೆ ಒಮ್ಮೆಯೂ ತಿರುಗದ ನನ್ನ ಮಗ ಆ ಹೆಸರಿಗೆ ತಿರುಗಿ ಅವರ ಮುಖ ನೋಡಿದ.

ನಾನು ಮುಂದೆ ನುಗ್ಗಿದೆ. ಅಜ್ಜಿ ತಿರುಗಿ ಮಗುವನ್ನು ಎದೆಗೆ ಅವುಚಿಕೊಂಡು ಬೆನ್ನನ್ನು ಕಂಬಿಗೆ ಒತ್ತಿ ನಿಂತರು. "ಕದಲಾಕಂಡಿ. ಪುಟ್ಟಿ ಒರಿಗಿಪೋತಾದಿ."

ಪುಟ್ಟಿ ಎಂದರೆ ಹರಿಗೋಲು. ಅಲುಗಾಡಬೇಡಿ, ಹರಿಗೋಲು ವಾಲಿಬಿಡುತ್ತದೆ ಎನ್ನುತ್ತಿದ್ದರು. ಅವರ ಮುಖದಲ್ಲಿದ್ದ ಹೆದರಿಕೆ ನನ್ನ ಹೆದರಿಕೆಗಿಂತ ಹಳೆಯದು. ಹಿಂದಿನಿಂದ ಯಾರೋ ಓಡಿಬರುವ ಸದ್ದಾಯಿತು. ಓಣಿಯ ಕ್ಯಾಮೆರಾದಲ್ಲಿ ನಮ್ಮ ಓಡಾಟ ಕಂಡ ಬಿಳಿ ಸಮವಸ್ತ್ರದ ಅಧಿಕಾರಿ, ಅವನ ಹಿಂದೆ ತಾಯಿಯನ್ನು ಹುಡುಕುತ್ತಿದ್ದ ಅಜ್ಜಿಯ ಮಗಳು.

ಅವ್ವ ಕೈ ಅಡ್ಡ ಹಿಡಿದು ಎಲ್ಲರನ್ನೂ ನಿಲ್ಲಿಸಿದಳು. ಆಮೇಲೆ ತೆಲುಗಿನಲ್ಲಿ, ಊರಲ್ಲಿ ಪಕ್ಕದ ಮನೆಯವಳೊಂದಿಗೆ ಮಾತಾಡುವ ದನಿಯಲ್ಲಿ ಹೇಳಿದಳು, ಕನ್ನಡಕ್ಕೆ ತಿರುಗಿಸಿದರೆ ಹೀಗೆ, "ಹೌದಕ್ಕ, ಭಾಳ ವಾಲ್ತೈತೆ. ನಿಂತ್ರೆ ಆಗಲ್ಲ. ಎಲ್ಲರೂ ಕೂತ್ಕಳನ."

ಮೊದಲು ತಾನೇ ಕೂತಳು. ನನ್ನ ಸೆರಗು ಜಗ್ಗಿದಳು, ನಾನೂ ಕೂತೆ. ಅಜ್ಜಿಯ ಮಗಳು ಕೂತಳು. ಕನ್ನಡವೂ ತೆಲುಗೂ ಬಾರದ ಆ ಅಧಿಕಾರಿ ನಮ್ಮ ಮುಖ ನೋಡಿ, ಬಿಳಿ ಪ್ಯಾಂಟಿನಲ್ಲಿ ಒದ್ದೆ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿದ. ಅಜ್ಜಿ ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಹರಿಗೋಲು ಈಗ ಸಮವಾಯಿತು ಎನಿಸಿತೋ ಏನೋ, ಕಂಬಿಗೆ ಒರಗಿಕೊಂಡೇ ಮೆಲ್ಲಗೆ ಜಾರಿ ಕೂತರು.

ಅವ್ವ ಕೂತಲ್ಲಿಂದಲೇ ತೆವಳಿ ಹತ್ತಿರ ಸರಿದಳು. "ಕೂಸಿಗೆ ಹಸಿವಾಗೈತೇನೋ ಅಕ್ಕ. ಹಾಲು ಕುಡಿಸ್ತೀಯಾ?"

ಅಜ್ಜಿ ಮಗುವಿನ ತುಟಿ ನೋಡಿದರು. ಆಮೇಲೆ ತಮ್ಮ ಎದೆಯನ್ನು ಬಗ್ಗಿ ನೋಡಿಕೊಂಡರು. ಶಾಲನ್ನು ಸರಿಸಿ, ಒಣಗಿದ ಆ ಎದೆಯ ಮೇಲೆ ಅಂಗೈ ಇಟ್ಟು, ಅರ್ಥವಾಗದವರಂತೆ ಒತ್ತಿ ನೋಡಿದರು. "ಇಲ್ಲ" ಎಂದರು ಕೊನೆಗೆ. "ನನಗೆ ಬತ್ತಿಹೋಗೈತೆ."

"ಈಕೆಗೈತೆ" ಎಂದು ಅವ್ವ ನನ್ನನ್ನು ತೋರಿಸಿದಳು. "ಈಕೆ ಕುಡಿಸ್ತಾಳೆ. ಇತ್ತಾಗೆ ಕೊಡವ್ವ."

ಅಜ್ಜಿ ಕೊಟ್ಟರು. ಅವ್ವನ ಕೈಯಿಂದ ನನ್ನ ಕೈಗೆ ಬಂದ ಮಗನನ್ನು ಅಲ್ಲೇ ಸೆರಗಿನೊಳಗೆ ಹಾಕಿಕೊಂಡೆ. ಅವನು ಕುಡಿದ. ನಾನು ಅಳುತ್ತಿದ್ದೆ, ಅವನು ಅಳಲಿಲ್ಲ. ಕುಡಿಯುತ್ತಲೇ ಸೆರಗಿನ ಅಂಚಿನಿಂದ ಅಜ್ಜಿಯನ್ನು ನೋಡುತ್ತಿದ್ದ.

ಮಗಳು ಎಲ್ಲ ಹೇಳಿದ್ದು ಆಮೇಲೆ, ನಮ್ಮ ಕೋಣೆಗೆ ಬಂದು. ರಾಯದುರ್ಗದ ಕಡೆಯವರು. ಅವರ ಕೋಣೆ ನಮ್ಮದರಿಂದ ಎರಡೇ ಬಾಗಿಲು ಆಚೆ, ತಾಯಿಗೆ ಕುಡಿಯಲು ತರಿಸುತ್ತಿದ್ದ ಹಾಲೇ ನಮ್ಮ ಹೊಸ್ತಿಲಿಗೆ ಬರುತ್ತಿತ್ತು. ಅಜ್ಜಿಗೆ ಮರೆವಿನ ಕಾಯಿಲೆ. ಮಗಳ ಹೆಸರು ಮರೆತಿದೆ, ಗಂಡ ತೀರಿಕೊಂಡದ್ದು ಮರೆತಿದೆ, ಊಟ ಮಾಡಿದ್ದು ಮರೆಯುತ್ತದೆ. ತಾಯಿಗೆ ಸೂರಿ ಎಂಬ ಮೊದಲ ಮಗನಿದ್ದ ಎನ್ನುವುದು ಈ ಮಗಳಿಗೆ ಗೊತ್ತಾಗಿದ್ದೇ ಇತ್ತೀಚೆಗೆ. ಬಾಣಂತನ ಮುಗಿಸಿ ಬರುವಾಗ ತುಂಬಿದ ಹೊಳೆಯಲ್ಲಿ ಹರಿಗೋಲು ವಾಲಿ, ಮಡಿಲಲ್ಲಿದ್ದ ಕೂಸು ನೀರಿಗೆ ಬಿತ್ತಂತೆ. ಎಲ್ಲರೂ ಬದುಕಿದರು. ಕೂಸು ಸಿಗಲಿಲ್ಲ, ಮೈಯೂ ಸಿಗಲಿಲ್ಲ. ಒಂದು ಜೀವಮಾನ ಬಾಯಿ ಬಿಡದಿದ್ದವರಿಗೆ, ಮಿಕ್ಕಿದ್ದೆಲ್ಲ ಅಳಿಸಿಹೋದ ಮೇಲೆ ಅದೊಂದು ಮಾತ್ರ ಉಳಿದಿದೆ. "ನೀರು ನೋಡಿದ್ರೆ ಮನಸ್ಸಿಗೆ ತಂಪಾಗ್ಲಿ ಅಂತ ಕರ್ಕೊಂಡು ಬಂದ್ವಿ ಅಕ್ಕ" ಎಂದು ಆ ಹೆಂಗಸು ಕಣ್ಣೊರೆಸಿಕೊಂಡಳು. ಅವಳನ್ನು ನಾನು ಯಾವ ಬಾಯಲ್ಲಿ ಬೈಯಲಿ? ಕಿತ್ತಳೆ ಜಾಕೆಟ್ಟಿನ ಮಗುವನ್ನು ನೋಡಿ ಸಿಕ್ಕನೇ ಎಂದು ಕೇಳಿದವರಿಗೆ ಸಿಕ್ಕ ಎಂದವಳು ನಾನೇ ತಾನೆ.

ಇದೆಲ್ಲಕ್ಕೂ ಕಾರಣ ಸಿಕ್ಕಿತು. ಪಾದಗಳಿಗೆ, ಹಾಲಿನ ಬಟ್ಟಲಿಗೆ, ಮುಲಾಮಿನ ವಾಸನೆಗೆ. ಮಗು ಯಾಕೆ ಆ ಹೆಸರಿಗೆ ತಿರುಗಿತು ಎನ್ನುವುದಕ್ಕೆ ಮಾತ್ರ ಸಿಗಲಿಲ್ಲ. ಹೊಸ ದನಿ ಕೇಳಿದರೆ ಮಕ್ಕಳು ತಿರುಗುತ್ತವೆ ಎಂದರು ಇವರು. ಇರಬಹುದು. ಆದರೆ ಮನೆಗೆ ಬಂದ ಮೇಲೆ ಆ ಹೆಸರನ್ನು ಅವನ ಮುಂದೆ ಹೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಮುಂಬೈ ಬಂದರಿನಲ್ಲಿ ಎಂಜಿನ್ ನಿಂತಿತು. ನಿಂತ ಮರುಕ್ಷಣ ಮಗು ಬಾಯಿ ತೆರೆದು ಅರಚತೊಡಗಿತು. ಇಡೀ ಪ್ರವಾಸದ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವಂತೆ. ಅವ್ವನ ಮುಖ ಅರಳಿತು, ಹಿರಿಯೂರಿನವರು ಕಿವಿ ಮುಚ್ಚಿಕೊಂಡರು. ಇಳಿಯುವ ಸಾಲಿನಲ್ಲಿ ನಮ್ಮ ಮುಂದೆಯೇ ಗಾಲಿಕುರ್ಚಿ ಇತ್ತು. ಈಗ ಅಜ್ಜಿ ಅದರಲ್ಲಿ ಕೂತಿದ್ದರು. ನಮ್ಮನ್ನು ನೋಡಿದರು, ಗುರುತು ಹಿಡಿಯಲಿಲ್ಲ. ಮಗ ಮಾತ್ರ ಅಳುತ್ತಲೇ ಎರಡೂ ಕೈ ಅವರತ್ತ ಚಾಚಿದ.

"ಬ್ಯಾಡ ರತ್ನ" ಎಂದು ಇವರು ನನ್ನ ಭುಜ ಹಿಡಿದರು. ನನಗೆ ಏನು ತೋಚಿತೋ, ಬಗ್ಗಿ ಅವನನ್ನು ಅಜ್ಜಿಯ ಮಡಿಲಲ್ಲಿ ಕೂರಿಸಿದೆ. ಕೈ ಮಾತ್ರ ಬಿಡಲಿಲ್ಲ. ಅವನ ಅಳು ನಿಂತಿತು.

ಅಜ್ಜಿ ಅವನ ಕಂಕುಳಿಗೆ ಎರಡೂ ಕೈ ಕೊಟ್ಟು ಸ್ವಲ್ಪ ಎತ್ತಿದರು. ಇಳಿಸಿದರು. ಇನ್ನೊಮ್ಮೆ ಎತ್ತಿ ನೋಡಿದರು. ಆಮೇಲೆ ಬಹಳ ಸಮಾಧಾನದಿಂದ, ತಪ್ಪಾಗಿ ತಮ್ಮ ಮನೆಗೆ ಬಂದದ್ದನ್ನು ಮರಳಿಸುವವರಂತೆ ನನ್ನ ಕೈಗೆ ಕೊಟ್ಟರು. "ವೀಡು ಕಾದು ತಲ್ಲೀ. ನಾ ಬಿಡ್ಡ ಇಂತ ಬರುವು ಲೇಡು."

ಇವನಲ್ಲಮ್ಮ. ನನ್ನ ಕೂಸು ಇಷ್ಟು ಭಾರ ಇಲ್ಲ.

ಮಗನನ್ನು ಎತ್ತಿಕೊಂಡೆ. ಅಜ್ಜಿಯ ಕೈಗಳು ಮಡಿಲಲ್ಲಿ ಹಾಗೇ ಬಳಸಿಕೊಂಡಿದ್ದವು, ಒಳಗೆ ಏನೋ ಇದ್ದಂತೆ. ಮೊಣಕಾಲು ಮೆಲ್ಲಗೆ ಅಲುಗುತ್ತಿತ್ತು. ಬಾಗಿಲಿನಿಂದ ನೀರಿನ ಮೇಲಿನ ತಣ್ಣನೆಯ ಗಾಳಿ ನೇರ ಒಳಗೆ ಬರುತ್ತಿತ್ತು. ನಾನು ಬಗ್ಗಿ, ಅವರ ಹೆಗಲಿನಿಂದ ಜಾರಿದ್ದ ಕಂದು ಶಾಲನ್ನು ಎಳೆದು, ಆ ಮಡಿಲಿಗೆ ಹೊದಿಸಿ ಇಳಿದು ಬಂದೆ.